ಹನ್ನೆರಡು ಅಂಕಿ

ಬಾರ್‌ಕೋಡ್ ಮಾಡಿಕೊಡುವ ವೆಬ್‌ಸೈಟು ಹನ್ನೆರಡು ಅಂಕಿ ಕೇಳಿತು. ದೇವಿಂದ್ರನಿಗೆ ಬಾಯಿಪಾಠ ಇದ್ದದ್ದು ಒಂದೇ ನಂಬರು. ದಂಡೋತಿಯ ತವರಿಗೆ ಹೋಗಿ ಮೂರು ತಿಂಗಳಾದರೂ ಅವನ ಫೋನು ಎತ್ತದ ಹೆಂಡತಿ ಜಯಮಾಲಾಳದು. ಮುಂದೆ ತೊಂಬತ್ತೊಂದು ಸೇರಿಸಿದರೆ ಸರಿಯಾಗಿ ಹನ್ನೆರಡಾಯಿತು. ಹದಿಮೂರನೆಯದನ್ನು ವೆಬ್‌ಸೈಟೇ ಹಾಕಿಕೊಂಡಿತು.

"ಒಂದು ದಂಧಾ ನೆಟ್ಟಗ ಮಾಡ್ರಿ, ಆಮ್ಯಾಲ ಕರೀಲಿಕ್ಕೆ ಬರ್ರಿ," ಎಂದು ಹೇಳಿ ಹೋಗಿದ್ದಳು. ಸೇಡಂನ ಅಜಯಕುಮಾರರ ದೊಡ್ಡ ಅಂಗಡಿ ಇವತ್ತು ತನ್ನ ಶೇಂಗಾ ಚಟ್ನಿ ಪಾಕೀಟು ಮಾರಾಟಕ್ಕೆ ತೆಗೆದುಕೊಂಡರೆ ಸಂಜೆ ಬಸ್ಸಿಗೇ ಹೊರಡುವುದೆಂದು ದೇವಿಂದ್ರ ಅಂಗಿ ಇಸ್ತ್ರಿ ಮಾಡಿಸಿಟ್ಟಿದ್ದ.

ಸ್ಟಿಕರ್ ಅಂಗಡಿಯ ಮುದಸ್ಸಿರ್ ಮೊದಲ ಹಾಳೆ ತೆಗೆದ. ಗೀಟುಗಳು ಅತ್ತ ಕಣ್ಣಿನ ಕಾಡಿಗೆಯಂತೆ ಹರಡಿದ್ದವು.

"ಭಾಯ್, ಇದು ಜೆಪಿಜಿ ಅದ. ಮಾರಿ ಫೋಟೊಕ್ಕ ನಡೀತದ, ಗೀಟಿಗೆ ನಡ್ಯಂಗಿಲ್ಲ. ಪಿಎನ್‌ಜಿ ಇಳಿಸ್ಕೊಳ್ರಿ. ವಾಟ್ಸಾಪ್‌ದಾಗ ಫೋಟೊ ಅಂತ ಕಳಸಬ್ಯಾಡ್ರಿ, ಡಾಕ್ಯುಮೆಂಟ್ ಅಂತ ಕಳಸ್ರಿ."

ಎರಡನೆಯದು ಹೊಸ ಹಣಿಗೆಯ ಹಲ್ಲಿನಂತೆ ಬಂತು. ಆಧಾರ್ ಜೆರಾಕ್ಸಿಗೆ ಬಂದಿದ್ದ ಪಕ್ಕದ ಮನೆಯ ಶಿವಕಾಂತಮ್ಮ ಇಣುಕಿದರು.

"ಎರಡೂ ಕಡಿ ಖಾಲಿ ಯಾಕ ಬಿಟ್ಟೀಯೋ? ಒಂದೊಂದು ಹೂವಿನ ಬಳ್ಳಿ ಹಾಕಿಸು."

"ಬ್ಯಾಡ್ರಿ ಅಮ್ಮಾ," ಎಂದ ಮುದಸ್ಸಿರ್. "ಆ ಖಾಲಿ ಜಾಗ ಇರಬೇಕ್ರಿ. ಇಲ್ಲಂದ್ರ ಗೀಟು ಎಲ್ಲಿ ಶುರು ಆತು, ಎಲ್ಲಿ ಮುಗೀತು, ಮಷಿನಿಗೆ ತಿಳ್ಯಂಗಿಲ್ಲ."

ಶಿವಕಾಂತಮ್ಮ ಕನ್ನಡಕ ಏರಿಸಿ ಅಂಕಿ ಓದಿದರು. "ಅಯ್ಯ, ಇದು ನಮ್ಮ ಜಯಮಾಲಾನ ನಂಬರ್ ಅಲ್ಲೇನೋ!"

ದೇವಿಂದ್ರನ ಕಿವಿ ಕೆಂಪಾದವು. "ಬ್ಯಾರೆ ಯಾವ ನಂಬರೂ ನೆನಪಾಗಲಿಲ್ರಿ ಚಿಗವ್ವ."

ಸೇಡಂನ ದೊಡ್ಡ ಅಂಗಡಿಯ ಮಷಿನು ಒಂದೇ ಸಲಕ್ಕೆ ಗೀಟು ಓದಿ 'ಟೀಂವ್' ಎಂದಿತು. ಅಜಯಕುಮಾರ ನಂಬರನ್ನು ಕಂಪ್ಯೂಟರಿಗೆ ಸೇರಿಸಿಕೊಂಡರು. "ಸದ್ಯ ಇಪ್ಪತ್ತು ಇಡ್ರಿ. ಸಂಜಿ ಮಟ ಹೋದ್ರ ಮುಂದಿನ ಮಾತು."

ಮಧ್ಯಾಹ್ನಕ್ಕೇ ಇಪ್ಪತ್ತೂ ಹೋದವು. ಶಿವಕಾಂತಮ್ಮ ಇಡೀ ಓಣಿಯನ್ನೇ ಕರೆತಂದಿದ್ದರು. ಬಾಗಿಲಲ್ಲೇ ಒಬ್ಬರು ಪಾಕೀಟು ಒಡೆದು ರುಚಿ ನೋಡಿದರು.

"ಏನಿದು, ಸಿಮೆಂಟಿಗೆ ಖಾರ ಕಲಸಿದಂಗ ಅದ!"

"ನನ್ನ ಮುಂದ ಯಾಕ ಒದರ್ತೀರಿ?" ಎಂದರು ಶಿವಕಾಂತಮ್ಮ. "ಗೀಟಿನ ಕೆಳಗಿನ ನಂಬರ್‌ದಾಗ ಮುಂದಿನ ಎರಡು, ಹಿಂದಿನ ಒಂದು ಅಂಕಿ ಬಿಟ್ಟು ಫೋನ್ ಹಚ್ರಿ. ದೂರು ಕೇಳಾಕಿ ಅಲ್ಲೇ ಇದ್ದಾಳ."

ಒಬ್ಬರಾದ ಮೇಲೆ ಒಬ್ಬರು ಫೋನ್ ಹಚ್ಚಿದರು.

ಸಂಜೆ ಇಸ್ತ್ರಿ ಅಂಗಿ ತೊಟ್ಟು ಬಂದ ದೇವಿಂದ್ರನನ್ನು ಕಂಡು ಅಜಯಕುಮಾರ ನಕ್ಕರು.

"ಎಲ್ಲಾ ಹೋದವ್ರಿ. ಆದ್ರ ಇನ್ನ ನಿಮ್ಮ ಕೈಯಿಂದು ಬ್ಯಾಡ. ನಿಮ್ಮ ಮನಿಯವರು ಫೋನ್ ಮಾಡಿದ್ರು, ದಂಡೋತಿಯಿಂದ ತಾವೇ ಮಾಡಿ ಕಳಸ್ತಾರಂತ. ದೂರು ಹೇಳಲಿಕ್ಕೆ ಫೋನ್ ಹಚ್ಚಿದ ಓಣಿಯವರದೇ ಮೂವತ್ತು ಆರ್ಡರ್ ಬಂದಾವಂತ, ಪುರಸೊತ್ತಿಲ್ಲಂತ. ಬಾರ್‌ಕೋಡ್ ಮಾತ್ರ ಹಂಗೇ ಇರ್ಲಿ ಅಂದ್ರು."

ದೇವಿಂದ್ರ ಅಂಗಡಿಯ ಫೋನು ಕೇಳಿ ಪಡೆದು ಆ ಹತ್ತು ಅಂಕಿ ಒತ್ತಿದ. ಎರಡನೆಯ ರಿಂಗಿಗೇ ಅವಳು ಎತ್ತಿದಳು. ಹಿಂದೆ ಚಟ್ನಿ ಕುಟ್ಟುವ ಸದ್ದು.

"ಹೇಳ್ರಿ, ಎಷ್ಟು ಪಾಕೀಟು?"

ಮೂರು ತಿಂಗಳಿಂದ ಕೇಳದ ದನಿ.

"ಎರಡು," ಎಂದ.

"ಹತ್ತಕ್ಕ ಕಡಿಮಿ ಕೊಡಂಗಿಲ್ರಿ."

"ಹತ್ತೇ ಕೊಡ್ರಿ. ಈಗಿನ ಬಸ್ಸಿಗೆ ನಾನೇ ಬಂದು ಒಯ್ತೀನಿ."

ಅತ್ತ ಕಡೆ ಕುಟ್ಟುವ ಸದ್ದು ನಿಂತಿತು.

"ನೀವು ಬರೂದು ಬ್ಯಾಡ್ರಿ," ಎಂದಳು ಜಯಮಾಲಾ. "ಡ್ರೈವರ್ ಕೈಯಾಗ ಕೊಟ್ಟು ಕಳಸ್ತೀನಿ."