ಸಿಸ್ಟರ್‌ಗೆ ಒಂದು ಕಪ್ ಚಹಾ

ಇಂದು ನಾನು ಮಾಡಿದ ಕೆಲಸಗಳು: ಅಂಗಳ ಗುಡಿಸಿದೆ, ಹಾಲು ಕಾಯಿಸಿದೆ, ಹತ್ತು ರೊಟ್ಟಿ ಬಡಿದೆ, ಅತ್ತೆಯವರ ಕಾಲಿನ ಹುಣ್ಣು ತೊಳೆದು ಪಟ್ಟಿ ಕಟ್ಟಿದೆ. ಕೊನೆಯದನ್ನು ದಯವಿಟ್ಟು ಇನ್ನೊಮ್ಮೆ ಓದಿ. ಬದನೆಕಾಯಿಯಲ್ಲಿ ಹುಳು ಕಂಡರೂ ಕಣ್ಣು ಮುಚ್ಚಿಕೊಳ್ಳುವವಳು ನಾನು.

ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಹೆಬ್ಬೆರಳಿನ ಹುಣ್ಣು ಮಾಯದಿದ್ದರೆ ಬೆರಳನ್ನೇ ತೆಗೆಯಬೇಕಾದೀತೆಂದು ಬಾಗೇವಾಡಿಯ ಡಾಕ್ಟರು ಹೇಳಿದ್ದರು. ದಿನ ಬಿಟ್ಟು ದಿನ ಪಟ್ಟಿ ಬದಲಿಸಲು ನಮ್ಮ ಗೊಳಸಂಗಿಗೆ ಸರಕಾರಿ ಆಸ್ಪತ್ರೆಯ ನರ್ಸ್ ಶಾಹೀನ್ ಸಿಸ್ಟರ್ ಬರುತ್ತಾರೆ. ನಾಲ್ವರು ಮಾಡಬೇಕಾದ ಸುತ್ತು. ಮೂವರ ಜಾಗ ಖಾಲಿ. ಒಂದು ಸ್ಕೂಟಿಯ ಮೇಲೆ ಎಲ್ಲವನ್ನೂ ಇವರೊಬ್ಬರೇ ತಿರುಗುತ್ತಾರೆ. ಯಾರ ಬಿ.ಪಿ. ಎಷ್ಟು, ಯಾವ ಕೂಸಿಗೆ ಯಾವ ಸೂಜಿ ಬಾಕಿ, ಯಾರ ಮನೆಯ ನಾಯಿ ಕಚ್ಚುತ್ತದೆ, ಎಲ್ಲವನ್ನೂ ಪುಸ್ತಕ ತೆರೆಯುವ ಮೊದಲೇ ಹೇಳುತ್ತಾರೆ. ನನಗೋ, ಅಡುಗೆಮನೆಗೆ ಏಕೆ ಬಂದೆನೆಂಬುದೇ ಹೊಸ್ತಿಲಲ್ಲಿ ಮರೆತುಹೋಗುತ್ತದೆ.

ಇಂಥವರನ್ನು ಹಾಗೇ ಕಳಿಸುವುದುಂಟೆ? ಬಂದಾಗಲೆಲ್ಲ ಚಹಾ, ಅವಲಕ್ಕಿ ಚೂಡಾ. ಬೇಡವೆಂದರೆ ಬ್ಯಾಗನ್ನೇ ಬಚ್ಚಿಡುತ್ತಿದ್ದೆ. ಜನ ಕಡಿಮೆ ಇದ್ದಾರೆಂದು ಸರಕಾರವನ್ನು ಬೈಯುತ್ತ, ಇದ್ದೊಬ್ಬರನ್ನು ಅರ್ಧ ತಾಸು ಕೂಡಿಸಿಕೊಳ್ಳುತ್ತಿದ್ದೆ.

ಹೋದ ವಾರ ಎರಡು ಸರದಿ ಅವರು ಬರಲೇ ಇಲ್ಲ. ಪಟ್ಟಿ ವಾಸನೆ ಬರತೊಡಗಿತು. ಮೂರನೆಯ ಸರದಿಗೆ ಬಂದಾಗ ಕೇಳಿಯೇಬಿಟ್ಟೆ.

"ಯಾಕ್ರಿ ಸಿಸ್ಟರ್, ನಮ್ಮನ್ನ ಮರತ್ರಿ ಏನು?"

"ಮರಿಯೂದೆಲ್ಲಿ ಅಕ್ಕಾರ! ದಿನಾ ಹನ್ನೆರಡು ಮನಿ. ಒಂದೊಂದು ಮನ್ಯಾಗ ಒಂದೊಂದು ಕಪ್ ಚಹಾ. ಕಡೀ ಮನಿ ಮುಟ್ಟೂದ್ರಾಗ ಹೊತ್ತು ಮುಳಗತೈತಿ. ಇಷ್ಟ ದಿನ ನಿಮ್ಮದು ಮೊದಲನೇ ಮನಿ ಇತ್ತು, ಹ್ವಾದ ವಾರ ಕಡೀಕ್ ಬಂತು."

ಅತ್ತೆ ಮಂಚದಿಂದಲೇ, "ಅಂದ್ರ ನನ್ನ ಹೆಬ್ಬಟ್ಟು ಚಹಾದಾಗ ಹೋಗೂದಿತ್ತು ಅನ್ರಿ!" ಎಂದರು. ಅಷ್ಟು ದಿನ ನನ್ನ ಚೂಡಾದಿಂದ ಯಾರ ಮನೆಗೆ ಸಿಸ್ಟರ್ ಮುಟ್ಟದೆ ಉಳಿದಿದ್ದರೋ, ಕೇಳುವ ಧೈರ್ಯ ನನಗಾಗಲಿಲ್ಲ.

ಸಿಸ್ಟರ್ ಕೈಗವಸನ್ನು ನನಗೇ ಕೊಟ್ಟರು. "ನೀವ ಕಟ್ರಿ, ನಾ ನೋಡ್ತೇನಿ. ನಾ ಬರದಿದ್ರ ಅಮ್ಮಾರ ಕಾಲು ಕಾಯಬಾರ್ದು."

ಕೈಗವಸು ಹಾಕಿಕೊಂಡು ಹಳೆಯ ಪಟ್ಟಿ ಬಿಚ್ಚತೊಡಗಿದೆ. "ರೊಟ್ಟಿ ಬಡಿಯೂ ಮುಂದ ಈ ಕೈ ನಡಗೂದಿಲ್ಲಲ್ಲ!" ಎಂದರು ಅತ್ತೆ. ಸಿಸ್ಟರ್ ತೋರಿಸಿದಲ್ಲಿ ಬಗ್ಗಿ ನೋಡಿದೆ: ಹುಣ್ಣಿನ ಅಂಚಿಗೆ, ಕೂಸಿನ ತುಟಿಯಂಥ ಎಳೆಯ ಚರ್ಮ. ನಾನು ಹೆದರಿ ಕಣ್ಣು ಮುಚ್ಚುತ್ತಿದ್ದ ಜಾಗದಲ್ಲಿ ಇಷ್ಟು ದಿನ ಇದು ನಡೆದಿತ್ತು! ಹಾಗೇ ನೋಡುತ್ತ ನಿಂತೆ.

ಇಂದು ಸಿಸ್ಟರ್ ಬಂದು ನನ್ನ ಪಟ್ಟಿ ನೋಡಿ, "ಚಲೋ ಕಟ್ಟೀರಿ. ಬಟ್ಟು ಉಳೀತೈತಿ ಬಿಡ್ರಿ" ಎಂದರು. ನಾನು ಚಹಾಕ್ಕೆಂದು ಕೂಡಿಸಲಿಲ್ಲ. ಹೇಗೆ ಕಟ್ಟಿದೆನೆಂದು ಹೇಳುತ್ತ ಬಾಗಿಲಲ್ಲೇ ಅರ್ಧ ತಾಸು ನಿಲ್ಲಿಸಿಕೊಂಡೆ.

ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಉಂಡೆವು. ಅತ್ತೆಯವರು ಮಲಗುವವರೆಗೆ ಕಾಲ ಬಳಿ ಕಾಯುವೆನೆಂದು ಕೂತೆ. "ನಮ್ಮ ಮನಿ ನರ್ಸಮ್ಮ ಡ್ಯೂಟಿ ಮ್ಯಾಲ ಗೊರಕಿ ಹೊಡದ್ಲು" ಎಂದು ಸಂಜೆ ಅವರು ಓಣಿಗೆಲ್ಲ ಹೇಳಿದರು.