ಮಿಣುಕದ ಪರದೆ

ಹಲ್ಲಿನ ಡಾಕ್ಟರಮ್ಮನ ಆಸ್ಪತ್ರೆಯಲ್ಲಿ ಟೋಕನ್ ನಂಬರು ತೋರಿಸುವ ಪರದೆ ಮಿಣುಕುತ್ತಿತ್ತು. ನಂಬರು ಬದಲಾದಾಗಲೆಲ್ಲ ಕಪ್ಪಾಗಿ, ಒಮ್ಮೆ ನಡುಗಿ, ಮತ್ತೆ ಬೆಳಗುತ್ತಿತ್ತು. ಕಣ್ಣು ಚುಚ್ಚುತ್ತದೆಂದು ದೂರು ಬಂತು. ಅದರ ಪ್ರೋಗ್ರಾಂ ಬರೆದವನು ಸಾಫ್ಟ್‌ವೇರ್ ಆಫೀಸಿಗೆ ಹೊಸಬ. ಮೈಕಟ್ಟು ನೋಡಿ ಎಲ್ಲರೂ ಕಡ್ಡಿ ಎನ್ನುತ್ತಿದ್ದರು.

“ಸಂಜೆಯೊಳಗೆ ಮಿಣುಕು ನಿಲ್ಲಬೇಕು. ಇಲ್ಲಾಂದ್ರೆ ನಾಳೆಯಿಂದ ನೀವು ಮನೇಲಿ ಕೂತು ಮಿಣುಕಿ,” ಎಂದರು ಆಫೀಸು ನಡೆಸುವ ಮೇಡಂ.

ಕಡ್ಡಿ ಓಡಿಹೋಗಿ ಪ್ರೋಗ್ರಾಂ ತೆರೆದ. ಕೆಲಸ ಖಾಯಂ ಆಗುತ್ತದೆಂದು ಮಾವನಾಗುವವರಿಗೆ ಆಗಲೇ ಹೇಳಿಬಿಟ್ಟಿದ್ದ.

ಪಕ್ಕದ ಮೇಜಿನವರು ಸುಮ್ಮನಿರುತ್ತಾರೆಯೇ? “ವೈರು ಸಡಿಲ ಇರ್ಬೇಕು ಕಣೋ, ಒಂದು ಸಲ ಕುಟ್ಟಿ ನೋಡು,” ಎಂದರು ಲೆಕ್ಕದವರು. ತಪ್ಪು ಹುಡುಕುವುದೇ ಉದ್ಯೋಗವಾಗಿದ್ದ ಟೆಸ್ಟರ್ ಅಕ್ಕ ಅವನ ಭುಜದ ಮೇಲಿಂದ ಇಣುಕಿದಳು.

“ಅಲ್ಲಪ್ಪಾ, ಒಂದಂಕಿ ಬದಲಾಯಿಸೋಕೆ ಇಡೀ ಪರದೆ ಅಳಿಸಿ, ಚುಕ್ಕಿ ಚುಕ್ಕಿ ಜೋಡಿಸಿ ಮತ್ತೆ ಬರೀತೀಯಲ್ಲ? ಬಲ್ಬು ಹೋಯ್ತೂಂತ ಯಾರಾದ್ರೂ ಮನೆ ಕೆಡವಿ ಕಟ್ತಾರಾ?”

ಕಡ್ಡಿ ಊಟ ಬಿಟ್ಟು ಕೂತ. ಯಾರ ಕಣ್ಣಿಗೂ ಬೀಳದ ಇನ್ನೊಂದು ಪರದೆಯನ್ನು ಕಂಪ್ಯೂಟರಿನ ಮೆಮೊರಿಯಲ್ಲಿ ಮಾಡಿದ. ಹೊಸ ಚಿತ್ರವನ್ನು ಅಲ್ಲಿ ಪೂರ್ತಿ ಬರೆದು, ಬದಲಾದ ಚೂರನ್ನಷ್ಟೇ ಹೊರಗಿನ ಪರದೆಗೆ ಒಂದೇ ಏಟಿಗೆ ಹಾಕುವ ಏರ್ಪಾಡು. ಮೊದಲು ಅಂಕಿ ತಲೆಕೆಳಗಾಗಿ ಬಂತು. ಆಮೇಲೆ ಹಳೆಯ ಅಂಕಿಯ ಬಾಲ ಹೊಸದಕ್ಕೆ ಅಂಟಿಕೊಂಡಿತು. “ಇದು ನಂಬರೋ, ಹಲ್ಲಿಯೋ?” ಎಂದಳು ಅಕ್ಕ. ಕಡ್ಡಿ ಬೆವರೊರೆಸಿಕೊಂಡು ಮತ್ತೆ ತಿದ್ದಿದ. ಕೊನೆಗೂ ಅಂಕಿ ಬೆಕ್ಕಿನ ಹೆಜ್ಜೆಯಲ್ಲಿ ಬದಲಾಯಿತು.

ಸಂಜೆ ಮೇಡಂ ಜೊತೆ ಆಸ್ಪತ್ರೆಗೆ ಹೋದ. ಕೆನ್ನೆ ಹಿಡಿದವರಿಂದ ಬೆಂಚು ತುಂಬಿತ್ತು. ನಂಬರು ಬದಲಾಯಿತು. ಪರದೆ ಮಿಸುಕಲಿಲ್ಲ. ಮೇಡಂ ತಲೆದೂಗಿದರು. ಕಡ್ಡಿಗೆ ಬೆಳಗಿನಿಂದ ಮೊದಲ ಸಲ ಪೂರ್ತಿ ಉಸಿರು ಬಂತು.

ಆದರೆ ಬೆಂಚಿನಿಂದ ಯಾರೂ ಏಳಲಿಲ್ಲ. ನಂಬರು ಮತ್ತೆ ಬದಲಾಯಿತು, ಆಗಲೂ ಇಲ್ಲ. ಡಾಕ್ಟರಮ್ಮ ಬಾಗಿಲಿಗೆ ಬಂದರು.

“ನಿಮ್ಮ ನಂಬರು ಬಂದು ಹೋಯ್ತಲ್ರೀ?”

“ಬದಲಾಗಿದ್ದೇ ಗೊತ್ತಾಗ್ಲಿಲ್ಲ ಡಾಕ್ಟ್ರೇ. ಸರದಿ ತಪ್ಪಿತಲ್ಲ, ಇನ್ನೊಂದಿನ ಬರ್ತೀನಿ,” ಎಂದು ಮುಂದಿನ ಬೆಂಚಿನ ದಪ್ಪ ಮನುಷ್ಯ ರಜೆ ಸಿಕ್ಕವನಂತೆ ಹೊರಟ. ಹಿಂದೆಯೇ ಇನ್ನಿಬ್ಬರು.

“ಮಿಣುಕಿದಾಗ ಇವರೆಲ್ಲ ಬೆಚ್ಚಿ ತಲೆ ಎತ್ತೋರು, ಗೊತ್ತಾಗ್ಲಿಲ್ಲ ಅಂತ ನೆಪ ಹೇಳಿ ತಪ್ಪಿಸ್ಕೊಳ್ಳೋಕಾಗ್ತಿರ್ಲಿಲ್ಲ,” ಎಂದರು ಡಾಕ್ಟರಮ್ಮ. “ಕಣ್ಣು ಚುಚ್ಚುತ್ತೆ ಅಂತ ದೂರು ಕೊಟ್ಟಿದ್ದು ಈ ಪುಣ್ಯಾತ್ಮರೇ. ಯಾಕೆ ಅಂತ ಈಗ ಅರ್ಥ ಆಯ್ತು.”

ಮೇಡಂ ನಿಧಾನವಾಗಿ ಕಡ್ಡಿಯತ್ತ ತಿರುಗಿದರು.

“ನಾಳೆ ಸಂಜೆಯೊಳಗೆ ಮಿಣುಕು ಬರಬೇಕು. ಇಲ್ಲಾಂದ್ರೆ...”

ಕಡ್ಡಿ ದಿಕ್ಕುತೋಚದೆ ಪರದೆಯತ್ತ ನೋಡಿದ. ಅದು ರೆಪ್ಪೆ ಬಡಿಯದೆ ಅವನನ್ನೇ ನೋಡುತ್ತಿತ್ತು.