ಎಡಗಿವಿಯೊಳಗೆ ಅಲೆದಾಡುತ್ತಿರುವ ಹರಳಿಗೆ

ಎಡಗಿವಿಯ ಒಳಕೋಣೆಯಲ್ಲಿ ಹುಟ್ಟಿದಾಗಿನಿಂದ ಬಾಡಿಗೆಯಿಲ್ಲದೆ ವಾಸವಾಗಿರುವ, ಕಣ್ಣಿಗೆ ಕಾಣದಿದ್ದರೂ ಕಣ್ಣುಗುಡ್ಡೆಯನ್ನೇ ಗಿರಗಿರನೆ ತಿರುಗಿಸಬಲ್ಲ, ಸುಣ್ಣದ ಕಣವಾದ ಮಾನ್ಯ ಹರಳಿನವರ ಸನ್ನಿಧಾನಕ್ಕೆ, ಲಂಡನ್ನಿನ ಈಸ್ಟ್ ಹ್ಯಾಮಿನಲ್ಲಿ ದೋಸೆ ಹೊಯ್ದು ಬದುಕು ಕಟ್ಟಿಕೊಂಡ ಕುಂದಾಪುರದ ದೇವದಾಸನ ನಮಸ್ಕಾರಗಳು. ತಲೆಬಾಗಿ ಸಲ್ಲಿಸಬೇಕಾದ ನಮಸ್ಕಾರವಿದು. ತಮ್ಮ ದೆಸೆಯಿಂದ ತಲೆ ಬಾಗಿಸುವುದೂ ಎತ್ತುವುದೂ ಕ್ಷೇಮವಲ್ಲವಾದ್ದರಿಂದ ನೆಟ್ಟಗೆ ಕುಳಿತೇ ಸಲ್ಲಿಸುತ್ತಿದ್ದೇನೆ, ಮನ್ನಿಸಬೇಕು.

ಮಾನ್ಯರೇ, ಎದುರಿನವರನ್ನು ಹೊಗಳದೆ ದೂರಿಗೆ ಇಳಿಯುವುದು ನಮ್ಮ ಕಡೆಯ ಮರ್ಯಾದೆಯಲ್ಲ. ಈ ಊರಿನಲ್ಲಿ ಅಂಗಡಿಯ ಬೋರ್ಡು ಬದಲಿಸಬೇಕಾದರೂ ಕೌನ್ಸಿಲಿನ ಅಪ್ಪಣೆಗೆ ಕಾಯಬೇಕು. ತಾವಾದರೋ ಯಾರ ಅಪ್ಪಣೆಯೂ ಇಲ್ಲದೆ ಎರಡಂತಸ್ತಿನ ಬಸ್ಸನ್ನು, ಸೀರೆ ಅಂಗಡಿಯ ಗೊಂಬೆಗಳನ್ನು, ಡಿಸ್ಟ್ರಿಕ್ಟ್ ಲೈನ್ ರೈಲಿನ ಇಡೀ ಪ್ಲಾಟ್‌ಫಾರ್ಮನ್ನು ಬುಗುರಿಯಂತೆ ಸುತ್ತಿಸಿ, ಅರೆಗಳಿಗೆಯಲ್ಲಿ ಏನೂ ಆಗಿಲ್ಲವೆಂಬಂತೆ ಮರಳಿ ಸ್ವಸ್ಥಾನಕ್ಕೆ ಇಟ್ಟುಬಿಡುತ್ತೀರಿ. ಇದರ ಕಾಲುಪಾಲು ಚುರುಕು ನನ್ನ ಅಡುಗೆಯವರಲ್ಲಿ ಇದ್ದಿದ್ದರೆ ಇಷ್ಟರಲ್ಲಿ ಊರಿನ ಆ ತುದಿಯ ರೇನರ್ಸ್ ಲೇನಿನಲ್ಲೂ ನನ್ನದೊಂದು ಹೋಟೆಲು ಇರುತ್ತಿತ್ತು.

ನನ್ನ ತಕರಾರು ತಮ್ಮ ವಿದ್ಯೆಯ ಬಗ್ಗೆ ಅಲ್ಲ, ಅದನ್ನು ತೋರಿಸಿದ ಜಾಗದ ಬಗ್ಗೆ. ಕಾದ ಕಾವಲಿಯ ಮುಂದೆ ನಿಂತವನಿಗೆ ತಾವು ಮತ್ತೆ ಮತ್ತೆ ತಲೆ ಸುತ್ತಿಸಿದಿರಿ. ಕೊನೆಗೊಂದು ದಿನ ಆಸರೆಗೆಂದು ಚಾಚಿದ ನನ್ನ ಅಂಗೈ ಕಾವಲಿಯ ಮೇಲೆಯೇ ಊರಿತು. ನನ್ನ ಹೆಂಡತಿ ಚಂಪಾ, "ಇನ್ನೊಂದ್ ಸಲ ಕಾವ್ಲಿ ಹತ್ರ ಹೋದ್ರೆ ಕಾಣಿ, ಗ್ಯಾಸೇ ಬಂದ್ ಮಾಡ್ತೆ ನಾನು" ಎಂದು ಘೋಷಿಸಿ ನನ್ನನ್ನು ಗಲ್ಲಾದಲ್ಲಿ ಕೂರಿಸಿದಳು. ಸುಮಿತ್ ಎಂಬ ಹೊಸ ಹುಡುಗ ನನ್ನ ಜಾಗದಲ್ಲಿ ನಿಂತು ಹೊಯ್ದ, ಅಂಚು ದಪ್ಪ, ನಡು ಹಸಿಯಾದ ವಸ್ತುವಿಗೆ ನಾನು ದೋಸೆಯೆಂದು ರಸೀದಿ ಕೊಡಬೇಕಾಯಿತು. ಒಬ್ಬನ ಗದ್ದುಗೆ ಹೋದರೆ ಇನ್ನೊಂದು ಸಿಕ್ಕೀತು, ಮಾನ್ಯರೇ. ಕಾವಲಿಯ ಮುಂದಿನ ಜಾಗ ಹೋದರೆ ನನ್ನಂಥವನಲ್ಲಿ ಉಳಿಯುವುದು ಬರೀ ಬಾಯಿ.

ಕಾರಣ ಹುಡುಕುವುದರಲ್ಲಿ ನಾವು ಯಾರೂ ಸೋಮಾರಿಗಳಾಗಲಿಲ್ಲ. ಪಕ್ಕದ ಅಂಗಡಿಯ, ನಮ್ಮ ಕರಾವಳಿಯವರೇ ಆದ ರೋಬರ್ಟ್ ಪೊರ್ಬುಗಳು "ಗ್ಯಾಸ್ಟ್ರಿಕ್ ಮಾರಾಯ್ರೆ, ಮತ್ತೆಂತ ಇಲ್ಲ" ಎಂದು ಬ್ರಾಂದಿಯನ್ನು ಸೂಚಿಸಿ, ನನಗೆ ಜೊತೆಯಾಗಲೆಂದು ತಾವೂ ಕುಡಿದು, ನನಗಿಂತ ಮೊದಲು ಗುಣವಾದರು. ಅತ್ತೆಯವರು ಊರಿನಿಂದಲೇ ಫೋನಿನಲ್ಲಿ ದೃಷ್ಟಿ ತೆಗೆದರು. ಮಗಳು ಸೃಷ್ಟಿ, ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವವಳು, "ಡ್ಯಾಡ್, ಯೂ ಆರ್ ಡೀಹೈಡ್ರೇಟೆಡ್, ಡ್ರಿಂಕ್ ಮೋರ್ ವಾಟರ್" ಎಂದಳು. ಇವುಗಳ ಪೈಕಿ ಇದೊಂದೇ ಪುಕ್ಕಟೆಯಾಗಿ ದೊರೆಯುವ ಚಿಕಿತ್ಸೆಯಾದ್ದರಿಂದ ನಿಷ್ಠೆಯಿಂದ ಕೈಗೊಂಡೆ. ವಿಚಿತ್ರವೆಂದರೆ ತಲೆ ಸುತ್ತಿದಷ್ಟೂ ನೀರು ಕುಡಿದೆ, ನೀರು ಕುಡಿದಷ್ಟೂ ತಲೆ ಸುತ್ತಿತು. ಹಾಗಾಗಿ ಇನ್ನಷ್ಟು ಕುಡಿದೆ.

ನಮ್ಮ ಬೀದಿಯ ವೈದ್ಯರಾದ ಜಿಪಿ ಸಾಹೇಬರು ಸಾವಧಾನದ ಮನುಷ್ಯರು. ಬಿಪಿ, ಸಕ್ಕರೆ, ರಕ್ತ ಎಲ್ಲವನ್ನೂ ನೋಡಿ, ತಲೆ ಎತ್ತಿ ನೋಡುವಾಗ ಹೀಗಾಗುತ್ತದೆಯೇ ಎಂದು ಕೇಳಿದರು. ದೋಸೆ ಹೊಯ್ಯುವವನು ಮೇಲೆ ನೋಡಿದರೆ ದೋಸೆ ಸೀಯುತ್ತದೆ, ಸಾರ್, ಎಂದೆ. ಹಾಸಿಗೆಯಲ್ಲಿ ಹೊರಳುವಾಗಲೋ ಎಂದರು. ಹುಳಿತೇಗಿನ ಉಪದ್ರಕ್ಕೆ ನಾನು ದಿಂಬುಗಳಿಗೆ ಒರಗಿ ಕುಳಿತೇ ನಿದ್ದೆ ಮಾಡುವವನು ಎಂದೆ. ಹಾಗಾದರೆ ಆ ಹೊತ್ತಿಗೆ ಏನು ಮಾಡುತ್ತಿರುತ್ತೀರಿ ಎಂದದ್ದಕ್ಕೆ, ಏನೂ ಇಲ್ಲ, ಸುಮ್ಮನೆ ನೀರು ಕುಡಿಯುತ್ತಿರುತ್ತೇನೆ ಎಂದು ಪ್ರಾಮಾಣಿಕವಾಗಿ ಹೇಳಿದೆ. ಲೋಟಕ್ಕೆ ತುಟಿ ಹಚ್ಚಿ ಕುಡಿಯುವ ದೇಶದ ವೈದ್ಯರಿಗೆ ಅದರಲ್ಲಿ ದೋಷವೇನು ಕಂಡೀತು? "ವೆರಿ ಗುಡ್" ಎಂದು ಮೆಚ್ಚಿ, ಸಮತೋಲ ಪರೀಕ್ಷಿಸುವ ಕ್ಲಿನಿಕ್ಕಿಗೆ ಚೀಟಿ ಬರೆದರು.

ಅಲ್ಲಿ ತಮ್ಮ ಗುಟ್ಟು ರಟ್ಟಾಯಿತು, ಮಾನ್ಯರೇ. ಉಡುಪಿ ಕಡೆಯ ಕೊಂಕಣಿ ಮನೆಯವಳಾದ, ಲಂಡನ್ನಿನಲ್ಲೇ ಬೆಳೆದ ವೆನಿಶಾ ಎಂಬ ಫಿಸಿಯೋಥೆರಪಿಸ್ಟ್, ಮಾತಿಗೆ ಮೊದಲು ಉಪಚಾರಕ್ಕೆಂದು ಕಾಗದದ ಲೋಟದಲ್ಲಿ ನೀರು ಕೊಟ್ಟಳು. ನಾನು ಕುಲಾಚಾರದಂತೆ ಲೋಟವನ್ನು ಮೇಲೆತ್ತಿ, ಕತ್ತನ್ನು ಹಿಂದಕ್ಕೆ ಚೆಲ್ಲಿ, ತುಟಿಗೆ ತಾಗಿಸದೆ ಧಾರೆಯಾಗಿ ಬಾಯಿಗೆ ಸುರಿದುಕೊಂಡೆ. ಕೂಡಲೇ ಕೋಣೆ ತಿರುಗಿತು, ನೀರು ಅಂಗಿಗೆ ಹೋಯಿತು, ನಾನು ಮೇಜು ಅಪ್ಪಿಕೊಂಡೆ. ವೆನಿಶಾ ಕಣ್ಣರಳಿಸಿ, "ಅಂಕಲ್, ಮೈ ಗ್ರ್ಯಾನಿ ಡ್ರಿಂಕ್ಸ್ ಲೈಕ್ ದಟ್! ಇನ್ನೊಮ್ಮೆ ಕುಡೀರಿ, ಪ್ಲೀಸ್!" ಎಂದಳು. ನನ್ನನ್ನು ಬೀಳಲು ಇಷ್ಟು ಸಂತೋಷದಿಂದ ಯಾರೂ ಆಹ್ವಾನಿಸಿರಲಿಲ್ಲ. ಆಮೇಲೆ ನನ್ನನ್ನು ಮಂಚದಲ್ಲಿ ಕೆಡವಿ, ಕತ್ತು ತಿರುವಿ, ಕಣ್ಣುಗುಡ್ಡೆಯ ಕುಣಿತವನ್ನು ನೋಡಿ, ತಾವು ಕೋಣೆ ಬಿಟ್ಟು ಕಿವಿಯ ಓಣಿಯಲ್ಲಿ ತಿರುಗಾಡುತ್ತಿರುವುದನ್ನು ಪತ್ತೆಮಾಡಿದಳು. ಕಾವಲಿಯ ಬಿಸಿಗೆ ಬಾಯಾರಿ ನಾನು ಚೊಂಬು ಎತ್ತಿದಾಗಲೆಲ್ಲ ತಮಗೆ ಜಾರುಬಂಡೆಯಾಟ! ನನ್ನ ತಲೆಯನ್ನು ಅತ್ತ ಇತ್ತ ಉರುಳಿಸಿ ಅವಳು ತಮ್ಮನ್ನು ಮನೆ ಸೇರಿಸಿದಳು.

ಆದರೂ ತಾವು ಮತ್ತೆ ಹೊರಬೀಳುವ ಸಂಭವ ಇದೆಯಂತೆ. ಆದ್ದರಿಂದ ಬಿನ್ನಹ: ವಿಹಾರ ಅನಿವಾರ್ಯವೆನಿಸಿದರೆ ಮುಂಚಿತವಾಗಿ ಲಿಖಿತ ನೋಟಿಸು ಕೊಟ್ಟು, ಹೋಟೆಲಿಗೆ ರಜೆಯಿರುವ ಸೋಮವಾರ ಹೊರಡಬೇಕು. ಚಂಪಾ ಸೌತ್‌ಹಾಲಿನ ಸೀರೆ ಅಂಗಡಿಯಲ್ಲಿ ನಾಲ್ಕನೆಯ ಸೀರೆಯ ಮಡಿಕೆ ಬಿಚ್ಚಿಸುವ ಹೊತ್ತಿಗೆ ಹೊರಟರಂತೂ ನಾನೇ ಬಾಗಿಲು ತೆರೆದು ಕೊಡುತ್ತೇನೆ.

ಉಳಿದದ್ದಕ್ಕೆಲ್ಲ ನಾನೇ ತಗ್ಗಿದ್ದೇನೆ. ನಮ್ಮ ಅಡುಗೆಮನೆಯಲ್ಲಿ ಎಲ್ಲರಿಗೂ ಒಂದೇ ಚೊಂಬು. ಅದನ್ನು ತುಟಿಗೆ ತಾಗಿಸಿ ಕಚ್ಚಿ ಕುಡಿದವನಿಗೆ ನನ್ನಿಂದ ಅರ್ಚನೆ. ಆ ಕಾನೂನು ತಂದವನೇ ಮೊನ್ನೆ ಸೃಷ್ಟಿ ತಂದುಕೊಟ್ಟ ಗುಲಾಬಿ ಬಣ್ಣದ ಬಾಟಲಿಯ ಸ್ಟ್ರಾವನ್ನು ಎಲ್ಲರೆದುರು ತುಟಿಗೆ ಇಟ್ಟುಕೊಂಡೆ. ಪಾತ್ರೆ ತೊಳೆಯುತ್ತಿದ್ದವನು ಕತ್ತು ಹೊರಳಿಸಿ ನೋಡಿದ. ಸುಮಿತ್ ಮೆಲ್ಲನೆ, "ಧಣಿಗಳೇ, ಎಂಜಲಾಗ್ಲಿಲ್ವಾ?" ಎಂದ. ಆಯಿತು ಎಂದೆ. ಹೊಟ್ಟೆ ತುಂಬ ನೀರು ಕುಡಿದು, ಅವನ ಕೈಯಿಂದ ಸೌಟು ತೆಗೆದುಕೊಂಡು, ಸ್ವಲ್ಪ ಆಚೆ ನಿಲ್ಲಲು ಹೇಳಿದೆ.

ತಮ್ಮನ್ನು ತಲೆಯ ಮೇಲೆ ಅಲ್ಲದಿದ್ದರೂ ತಲೆಯೊಳಗೇ ಹೊತ್ತು ನಡೆಯುವ,
ತಮ್ಮ ವಿಶ್ವಾಸಿ,
ದೇವದಾಸ

ತಾ.ಕ.: ಬಲಗಿವಿಯಲ್ಲಿರುವ ತಮ್ಮ ದಾಯಾದಿಗಳು ಇದುವರೆಗೆ ಸಭ್ಯರಾಗಿದ್ದಾರೆ, ಅವರನ್ನು ಕೆಡಿಸಬೇಡಿ. ನಡುವಿನ ಜಾಗವೆಲ್ಲ ಖಾಲಿಯೆಂದು ಚಂಪಾ ಹೇಳುವುದು ತಮಗೂ ಕೇಳಿಸಿರಬಹುದು. ಅದನ್ನು ನಂಬಿಕೊಂಡು ದಾಟಲು ಹೊರಡಬೇಡಿ.